ಡೇಟಾಬೇಸ್ ಸರ್ವರಿನ ಮೆಮೊರಿ ಮುಗಿದಾಗ ಕಾರಣ ಹುಡುಕುವ ಬಗೆ

ಚೆನ್ನಾಗಿ ನಡೆಯುತ್ತಿದ್ದ ಡೇಟಾಬೇಸ್ ಸರ್ವರ್ ಏಕಾಏಕಿ ನಿಂತು, ಲಾಗ್ ತೆರೆದಾಗ ‘ಔಟ್ ಆಫ್ ಮೆಮೊರಿ’ ಎಂಬ ಸಾಲು ಕಂಡರೆ, ಸಾಮಾನ್ಯವಾಗಿ ಎರಡರಲ್ಲಿ ಒಂದು ಕೆಲಸ ನಡೆಯುತ್ತದೆ: ಇನ್ನಷ್ಟು ರ‍್ಯಾಮ್ ಹಾಕಿಸುವುದು, ಇಲ್ಲವೇ ಕಾನ್ಫಿಗ್ ಫೈಲಿನಲ್ಲಿ ಕಣ್ಣಿಗೆ ಬಿದ್ದ ಅತಿ ದೊಡ್ಡ ಅಂಕಿಯನ್ನು ಅರ್ಧಕ್ಕೆ ಇಳಿಸುವುದು. ಎರಡರಿಂದಲೂ ಒಮ್ಮೊಮ್ಮೆ ಉಪಯೋಗವಾಗುವುದುಂಟು. ಆದರೆ ಮೆಮೊರಿ ಯಾವ ದಾರಿಯಲ್ಲಿ ಖರ್ಚಾಯಿತೆಂದು ತಿಳಿಯದೆ ಮಾಡಿದ ಬದಲಾವಣೆಯಾದ್ದರಿಂದ, ಹೊರೆ ಮತ್ತೆ ಏರಿದ ದಿನ ಸರ್ವರ್ ಮತ್ತೆ ಬೀಳುತ್ತದೆ. ಆದ್ದರಿಂದ ಏನನ್ನೂ ಬದಲಿಸುವ ಮೊದಲು, ಮೆಮೊರಿ ಇಲ್ಲವೆಂದು ಹೇಳಿದವರು ಯಾರು ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಆ ಮಾತನ್ನು ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಲಿನಕ್ಸ್ ಕರ್ನಲ್ ಹೇಳಿರಬಹುದು, ಕಂಟೇನರಿಗೆ (ಪ್ರೋಗ್ರಾಮನ್ನು ಪ್ರತ್ಯೇಕವಾಗಿ ನಡೆಸುವ ಆವರಣಕ್ಕೆ) ಹಾಕಿದ ಮಿತಿ ಹೇಳಿರಬಹುದು, ಅಥವಾ ಡೇಟಾಬೇಸೇ ಹೇಳಿರಬಹುದು. ಮೂರಕ್ಕೂ ಪರಿಹಾರಗಳು ಬೇರೆ ಬೇರೆ. ಈ ಲೇಖನ ಹೆಚ್ಚಾಗಿ ಲಿನಕ್ಸ್ ಮೇಲೆ ನಡೆಯುವ ಪೋಸ್ಟ್‌ಗ್ರೆಸ್ ಅನ್ನು, ಸ್ವಲ್ಪಮಟ್ಟಿಗೆ ಮೈಎಸ್‌ಕ್ಯೂಎಲ್ ಅನ್ನು ಎದುರಿಗಿಟ್ಟುಕೊಂಡು ಈ ಹುಡುಕಾಟದ ಕ್ರಮವನ್ನು ವಿವರಿಸುತ್ತದೆ.

ಮೆಮೊರಿ ಇಲ್ಲವೆಂದವರು ಯಾರು?

ಲಿನಕ್ಸ್ ಕರ್ನಲ್ ತನ್ನ ಸಹಜ ಸ್ಥಿತಿಯಲ್ಲಿ ಮೆಮೊರಿ ಕೇಳಿದ ಪ್ರೊಸೆಸ್ಸಿಗೆ (ಓಡುತ್ತಿರುವ ಪ್ರೋಗ್ರಾಮಿಗೆ) ಇಲ್ಲ ಎನ್ನುವುದು ಅಪರೂಪ. ಪ್ರೊಸೆಸ್ ಒಂದು ಜಿಬಿ ಕೇಳಿದರೆ ಕರ್ನಲ್ ಆ ಹೊತ್ತಿಗೆ ವಿಳಾಸಗಳನ್ನಷ್ಟೇ ಕೊಡುತ್ತದೆ. ನಿಜವಾದ ರ‍್ಯಾಮ್ ಪುಟ, ಅಂದರೆ ಮೆಮೊರಿಯ ನಿಗದಿತ ಗಾತ್ರದ ತುಂಡು, ಕೈಗೆ ಬರುವುದು ಆ ವಿಳಾಸವನ್ನು ಮೊದಲ ಸಲ ಬಳಸಿದಾಗ. ಠೇವಣಿದಾರರೆಲ್ಲ ಒಂದೇ ದಿನ ಬಂದು ಹಣ ಕೇಳುವುದಿಲ್ಲ ಎಂಬ ಭರವಸೆಯ ಮೇಲೆ ಬ್ಯಾಂಕು ಸಾಲ ಕೊಡುವ ಹಾಗೆ, ಕರ್ನಲ್ ಕೂಡ ತನ್ನಲ್ಲಿರುವುದಕ್ಕಿಂತ ಹೆಚ್ಚು ಮೆಮೊರಿ ಕೊಡುವುದಾಗಿ ಮಾತು ಕೊಟ್ಟಿರುತ್ತದೆ. ಇದಕ್ಕೆ ಓವರ್‌ಕಮಿಟ್ ಎಂದು ಹೆಸರು. ಎಲ್ಲ ಪ್ರೊಸೆಸ್ಸುಗಳೂ ಒಮ್ಮೆಲೇ ತಮ್ಮ ಪಾಲನ್ನು ಬಳಸತೊಡಗಿ, ಪೇಜ್ ಕ್ಯಾಶ್ (ಮೆಮೊರಿಯಲ್ಲಿಟ್ಟ ಫೈಲುಗಳ ನಕಲು) ತೆರವು ಮಾಡಿದರೂ ಸ್ವಾಪಿಗೆ (ಮೆಮೊರಿಯ ಬದಲು ಬಳಸುವ ಡಿಸ್ಕ್ ಜಾಗಕ್ಕೆ) ತಳ್ಳಿದರೂ ಖಾಲಿ ಪುಟ ಸಿಗದೆ ಹೋದಾಗ, ಕರ್ನಲ್ಲಿನ ಓಓಎಂ (ಔಟ್ ಆಫ್ ಮೆಮೊರಿ) ಕಿಲ್ಲರ್ ಒಂದು ಪ್ರೊಸೆಸ್ಸನ್ನು ಆರಿಸಿ ಸಿಗ್ನಲ್ 9 ಕಳುಹಿಸಿ ಕೊಲ್ಲುತ್ತದೆ.

ಇಲ್ಲಿ ಮೂರು ಪಾತ್ರಗಳಿವೆ ಎಂಬುದನ್ನು ಮರೆತರೆ ಹುಡುಕಾಟ ದಾರಿ ತಪ್ಪುತ್ತದೆ. ಕಟ್ಟಕಡೆಯ ಪುಟವನ್ನು ಕೇಳಿ ಓಓಎಂ ಕಿಲ್ಲರನ್ನು ಎಬ್ಬಿಸಿದ ಪ್ರೊಸೆಸ್ ಒಂದು, ಸತ್ತ ಪ್ರೊಸೆಸ್ ಇನ್ನೊಂದು, ನಿಜವಾಗಿ ಮೆಮೊರಿಯನ್ನು ತಿಂದು ಮುಗಿಸಿದ್ದು ಮತ್ತೊಂದು ಆಗಿರಬಹುದು. ಕರ್ನಲ್ ಲಾಗಿನಲ್ಲಿ ‘ಇನ್ವೋಕ್ಡ್ ಓಓಎಂ-ಕಿಲ್ಲರ್’ ಎಂಬ ಸಾಲಿನ ಮುಂದೆ ಬರುವ ಹೆಸರು ಎಬ್ಬಿಸಿದವನದು ಮಾತ್ರ. ಅದು ಕೆಲವೇ ಎಂಬಿ ಬಳಸುವ ಮಾನಿಟರಿಂಗ್ ಏಜೆಂಟ್ ಆಗಿರಲೂಬಹುದು. ಸಾಯುವವನನ್ನು ಆರಿಸುವಾಗ ಕರ್ನಲ್ ಪ್ರೊಸೆಸ್ಸಿನ ರ‍್ಯಾಮ್, ಸ್ವಾಪ್ ಮತ್ತು ಪೇಜ್ ಟೇಬಲ್‌ಗಳ (ವಿಳಾಸಗಳ ನಕ್ಷೆಗಳ) ಗಾತ್ರವನ್ನು ಕೂಡಿಸಿ, ಅದಕ್ಕೆ −1000ದಿಂದ 1000ದವರೆಗೆ ನಾವೇ ಇಡಬಹುದಾದ ‘ಓಓಎಂ_ಸ್ಕೋರ್_ಅಡ್ಜ್’ ಎಂಬ ತೂಕವನ್ನು ಸೇರಿಸಿ ಅಂಕ ಕೊಡುತ್ತದೆ. ಯಾರದು ತಪ್ಪು ಎಂಬ ವಿಚಾರಣೆ ಅಲ್ಲಿಲ್ಲ, ಯಾರನ್ನು ಕೊಂದರೆ ಹೆಚ್ಚು ಜಾಗ ಸಿಗುತ್ತದೆ ಎಂಬ ಲೆಕ್ಕವಷ್ಟೇ ಇದೆ. ಡೇಟಾಬೇಸ್ ಸರ್ವರಿನಲ್ಲಿ ಎಲ್ಲಕ್ಕಿಂತ ದೊಡ್ಡದು ಡೇಟಾಬೇಸೇ ಆಗಿರುವುದರಿಂದ, ಬ್ಯಾಕಪ್ ಸ್ಕ್ರಿಪ್ಟ್ ಮಾಡಿದ ತಪ್ಪಿಗೂ ಬಹಳ ಸಲ ತಲೆ ಕೊಡುವುದು ಅದೇ.

ಕರ್ನಲ್ಲಿನ ಈ ವರದಿಯನ್ನು ‘ಡಿಮೆಸೇಜ್’ ಅಥವಾ ‘ಜರ್ನಲ್‌ಸಿಟಿಎಲ್’ ಆದೇಶದಿಂದ ನೋಡಬಹುದು. ಕೊನೆಯ ಸಾಲಾದ ‘ಕಿಲ್ಡ್ ಪ್ರೊಸೆಸ್’ ಅನ್ನು ಮಾತ್ರ ಓದಿ ಬಿಡುವುದು ಸಾಮಾನ್ಯ ರೂಢಿ. ನಿಜವಾದ ಸಾಕ್ಷ್ಯ ಅದರ ಮೇಲಿನ ಕೋಷ್ಟಕದಲ್ಲಿದೆ. ಆ ಗಳಿಗೆಯಲ್ಲಿ ಜೀವಂತವಾಗಿದ್ದ ಪ್ರತಿಯೊಂದು ಪ್ರೊಸೆಸ್ಸಿನ ಹೆಸರು, ಅದು ಹಿಡಿದಿದ್ದ ಮೆಮೊರಿ, ಸ್ವಾಪಿಗೆ ಹೋಗಿದ್ದ ಭಾಗ ಎಲ್ಲವೂ ಅಲ್ಲಿ ಸಾಲುಸಾಲಾಗಿ ಇರುತ್ತವೆ. ಓದುವಾಗ ಒಂದು ಎಚ್ಚರಿಕೆ ಬೇಕು: ಕೊನೆಯ ಸಾಲಿನ ಅಂಕಿಗಳು ಕೆಬಿಯಲ್ಲಿದ್ದರೆ, ಕೋಷ್ಟಕದ ‘ಆರ್‌ಎಸ್‌ಎಸ್’ ಕಾಲಮ್ಮಿನ (ನಿಜವಾದ ಮೆಮೊರಿಯಲ್ಲಿ ಹಿಡಿದಿದ್ದ ಭಾಗದ) ಅಂಕಿಗಳು ಪುಟಗಳಲ್ಲಿರುತ್ತವೆ, ಒಂದು ಪುಟ ಸಾಮಾನ್ಯವಾಗಿ 4 ಕೆಬಿ. ಅಲ್ಲಿ 20,00,000 ಎಂದಿದ್ದರೆ ಅದು 2 ಜಿಬಿ ಅಲ್ಲ, ಸುಮಾರು 7.6 ಜಿಬಿ. ಕೋಷ್ಟಕದಲ್ಲಿ ಪೋಸ್ಟ್‌ಗ್ರೆಸ್ ಪ್ರೊಸೆಸ್ಸುಗಳು ಇಪ್ಪತ್ತಿವೆಯೋ ನಾನೂರಿವೆಯೋ ಎಂದು ಎಣಿಸಿದರೇ ಅರ್ಧ ಉತ್ತರ ಸಿಕ್ಕಿಬಿಡುವುದೂ ಉಂಟು.

ಅದೇ ವರದಿಯಲ್ಲಿ ‘ಕನ್‌ಸ್ಟ್ರೇಂಟ್’ ಎಂಬ ಪದವನ್ನು ಹುಡುಕಬೇಕು. ಅದರ ಮುಂದೆ ‘ನನ್’ ಎಂದಿದ್ದರೆ ಇಡೀ ಯಂತ್ರದ ಮೆಮೊರಿ ಮುಗಿದಿದೆ. ‘ಮೆಮ್‌ಸಿಜಿ’ ಎಂದಿದ್ದರೆ ಯಂತ್ರದಲ್ಲಿ ಜಾಗವಿದೆ, ಆದರೆ ಈ ಪ್ರೊಸೆಸ್ ಸೇರಿರುವ ಸಿಗ್ರೂಪಿನ, ಅಂದರೆ ಕಂಟೇನರಿನ ಅಥವಾ ಸಿಸ್ಟಮ್‌ಡಿ ಸರ್ವೀಸಿನ ಮಿತಿ ಮೀರಿದೆ. ಕಂಟೇನರ್ ಸತ್ತು 137 ಎಂಬ ಎಕ್ಸಿಟ್ ಕೋಡ್ ಬಿಟ್ಟುಹೋಗಿದ್ದರೂ ಅನುಮಾನ ಇಲ್ಲಿಗೇ ಬರಬೇಕು, ಏಕೆಂದರೆ 137 ಎಂದರೆ 128ಕ್ಕೆ ಸಿಗ್ನಲ್ 9 ಕೂಡಿದ ಮೊತ್ತ. ಕಂಟೇನರಿನ ಒಳಗೆ ನಿಂತು ‘ಫ್ರೀ’ ಆದೇಶ ಕೊಟ್ಟರೆ ಸಾಮಾನ್ಯವಾಗಿ ಕಾಣುವುದು ಹೊರಗಿನ ಇಡೀ ಯಂತ್ರದ ಮೆಮೊರಿ. ಆ ಅಂಕಿಯನ್ನು ನಂಬಿ ಬಫರಿನ (ಡೇಟಾಬೇಸ್ ತನ್ನ ದತ್ತಾಂಶವನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗದ) ಗಾತ್ರ ನಿಗದಿಪಡಿಸಿದವರು, 64 ಜಿಬಿ ಯಂತ್ರದಲ್ಲಿ 8 ಜಿಬಿ ಮಿತಿಯ ಕಂಟೇನರಿಗೆ 16 ಜಿಬಿ ಬಫರ್ ಕೊಟ್ಟು ಕುಳಿತಿರುತ್ತಾರೆ.

ಮೂರನೆಯದು ಡೇಟಾಬೇಸೇ ಹೇಳುವ ಮಾತು. ಮೆಮೊರಿ ಕೇಳಿದಾಗ ಕರ್ನಲ್ ಸ್ಪಷ್ಟವಾಗಿ ನಿರಾಕರಿಸಿದರೆ ಪೋಸ್ಟ್‌ಗ್ರೆಸ್ ‘ಎರರ್: ಔಟ್ ಆಫ್ ಮೆಮೊರಿ’ ಎಂದು ಬರೆದು, ಎಷ್ಟು ಬೈಟ್ ಕೇಳಿದಾಗ ಸೋತೆನೆಂಬುದನ್ನೂ ತಿಳಿಸಿ, ಆ ಕ್ವೆರಿಯನ್ನು (ಡೇಟಾಬೇಸಿಗೆ ಕೇಳಿದ ಪ್ರಶ್ನೆಯನ್ನು) ಮಾತ್ರ ರದ್ದುಮಾಡುತ್ತದೆ, ಉಳಿದ ಕನೆಕ್ಷನ್‌ಗಳಿಗೆ ಏನೂ ಆಗುವುದಿಲ್ಲ. ಓಓಎಂ ಕಿಲ್ಲರ್ ಬಂದರೆ ಕಥೆ ಬೇರೆ. ಕೊಲ್ಲಲ್ಪಟ್ಟದ್ದು ಒಂದೇ ಒಂದು ಬ್ಯಾಕೆಂಡ್ (ಕನೆಕ್ಷನ್ನಿಗೆ ಒಂದರಂತೆ ಇರುವ) ಪ್ರೊಸೆಸ್ ಆದರೂ, ಅದು ಸಾಯುವಾಗ ಎಲ್ಲರೂ ಹಂಚಿಕೊಂಡಿರುವ ಮೆಮೊರಿಯನ್ನು ಅರೆಬರೆ ಬರೆದು ಬಿಟ್ಟಿರಬಹುದು ಎಂಬ ಭಯದಿಂದ, ಎಲ್ಲಕ್ಕೂ ಮೂಲ ಪ್ರೊಸೆಸ್ ಆದ ಪೋಸ್ಟ್‌ಮಾಸ್ಟರ್ ಉಳಿದ ಎಲ್ಲ ಬ್ಯಾಕೆಂಡ್‌ಗಳನ್ನೂ ನಿಲ್ಲಿಸಿ ಹಿಂದಿನ ಚೆಕ್‌ಪಾಯಿಂಟಿನಿಂದ (ಎಲ್ಲವನ್ನೂ ಡಿಸ್ಕಿಗೆ ಉಳಿಸಿದ ಕೊನೆಯ ಹಂತದಿಂದ) ಕ್ರ್ಯಾಶ್ ರಿಕವರಿ ಆರಂಭಿಸುತ್ತದೆ. ಮೈಎಸ್‌ಕ್ಯೂಎಲ್ ಒಂದೇ ಪ್ರೊಸೆಸ್ಸಿನೊಳಗೆ ಥ್ರೆಡ್‌ಗಳನ್ನು ನಡೆಸುವುದರಿಂದ ಅಲ್ಲಿ ಸತ್ತರೆ ಪೂರ್ತಿ ಸರ್ವರೇ ಸಾಯುತ್ತದೆ. ಸಿಗ್ನಲ್ 9 ಅನ್ನು ಯಾವ ಪ್ರೊಸೆಸ್ಸೂ ತಡೆದು ನಿಲ್ಲಿಸಿ ಲಾಗ್ ಬರೆಯಲಾರದು. ಆದ್ದರಿಂದ ಮೈಎಸ್‌ಕ್ಯೂಎಲ್‌ನ ಎರರ್ ಲಾಗಿನಲ್ಲಿ ನಿಲುಗಡೆಯ ಸುಳಿವೇ ಇಲ್ಲದೆ ನೇರವಾಗಿ ಹೊಸ ಆರಂಭದ ಸಾಲುಗಳು ಕಂಡರೆ ಕರ್ನಲ್ ಲಾಗಿನ ಕಡೆ ತಿರುಗಬೇಕು.

ಮೆಮೊರಿಯ ಹೆಸರು ಹೇಳಿಕೊಂಡು ಬಂದರೂ ರ‍್ಯಾಮಿಗೆ ಸಂಬಂಧವಿಲ್ಲದ ತಪ್ಪುಗಳೂ ಕೆಲವಿವೆ. ‘ಔಟ್ ಆಫ್ ಶೇರ್ಡ್ ಮೆಮೊರಿ’ ಎಂದು ಹೇಳಿ ‘ಮ್ಯಾಕ್ಸ್_ಲಾಕ್ಸ್_ಪರ್_ಟ್ರಾನ್ಸಾಕ್ಷನ್’ ಹೆಚ್ಚಿಸಲು ಸೂಚಿಸುವ ಸಂದೇಶ ಬಂದರೆ, ಮುಗಿದಿರುವುದು, ಒಬ್ಬರು ಬಳಸುವಾಗ ಇತರರನ್ನು ತಡೆಯುವ ಲಾಕ್‌ಗಳನ್ನು ಬರೆದಿಡುವ ನಿಗದಿತ ಕೋಷ್ಟಕ. ಸಾವಿರಾರು ಪಾರ್ಟಿಷನ್‌ಗಳಿರುವ (ತುಂಡುಗಳಾಗಿ ಒಡೆದಿಟ್ಟ) ಟೇಬಲನ್ನು ಒಂದೇ ಟ್ರಾನ್ಸಾಕ್ಷನ್ನಿನಲ್ಲಿ ಮುಟ್ಟಿದಾಗ ಹೀಗಾಗುತ್ತದೆ. ಕಂಟೇನರ್ ನಡೆಸುವ ಡಾಕರಿನಲ್ಲಿ ಶೇರ್ಡ್ ಮೆಮೊರಿ ಸೆಗ್ಮೆಂಟನ್ನು ಹಿಗ್ಗಿಸಲಾಗಲಿಲ್ಲ, ಡಿವೈಸಿನಲ್ಲಿ ಜಾಗವಿಲ್ಲ ಎಂಬ ದೂರು ಬಂದರೆ, ಕಂಟೇನರಿಗೆ ಸಹಜವಾಗಿ ಸಿಗುವ 64 ಎಂಬಿಯ ‘/ಡೆವ್/ಎಸ್‌ಎಚ್‌ಎಂ’ ಹಲವು ಪ್ರೊಸೆಸ್ಸುಗಳು ಹಂಚಿಕೊಂಡು ನಡೆಸುವ ಪ್ಯಾರಲಲ್ ಕ್ವೆರಿಗೆ ಸಾಲದಾಗಿದೆ. ಇವೆರಡಕ್ಕೂ 32 ಜಿಬಿ ರ‍್ಯಾಮ್ ಸೇರಿಸಿದರೂ ಫಲವಿಲ್ಲ. ಒರ‍್ಯಾಕಲ್ ಬಳಸುವವರಿಗೆ ಈ ಭೇದ ಹೊಸದಲ್ಲ: ಅಲ್ಲಿ 4030 ಎಂಬ ತಪ್ಪು ಪ್ರೊಸೆಸ್ಸಿನ ಖಾಸಗಿ ಮೆಮೊರಿಯದು, 4031 ಹಂಚಿಕೊಂಡ ಪೂಲಿನದು.

ಅಳೆಯುವಾಗ ಆಗುವ ಮೋಸ

‘ಫ್ರೀ’ ಆದೇಶದ ಉತ್ತರದಲ್ಲಿ ಫ್ರೀ ಎಂಬ ಕಾಲಮ್ಮು ಚಿಕ್ಕದಾಗಿದ್ದರೆ ಗಾಬರಿಯಾಗಬೇಕಿಲ್ಲ. ಉಳಿದ ರ‍್ಯಾಮನ್ನೆಲ್ಲ ಲಿನಕ್ಸ್ ಫೈಲುಗಳ ಕ್ಯಾಶ್ ಆಗಿ ಬಳಸಿಕೊಳ್ಳುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ. ನೋಡಬೇಕಾದದ್ದು ‘ಅವೈಲಬಲ್’ ಕಾಲಮ್ಮನ್ನು. ಹಾಗೆಂದು ‘ಬಫ್/ಕ್ಯಾಶ್’ ಕಾಲಮ್ಮಿನ ಮೊತ್ತವೆಲ್ಲ ಮರಳಿ ಸಿಗುವಂಥದ್ದು ಎಂದುಕೊಳ್ಳುವುದೂ ತಪ್ಪೇ: ಪೋಸ್ಟ್‌ಗ್ರೆಸ್ಸಿನ ಶೇರ್ಡ್ ಬಫರ್ ಸಾಮಾನ್ಯ ಪುಟಗಳಲ್ಲಿದ್ದಾಗ ಅದೂ ಅದೇ ಕಾಲಮ್ಮಿನಲ್ಲಿ ಎಣಿಕೆಯಾಗುತ್ತದೆ, ಆದರೆ ಅದನ್ನು ಕರ್ನಲ್ ಎಸೆದುಬಿಡಲಾರದು.

‘ಟಾಪ್’ ಆದೇಶ ಇನ್ನೊಂದು ಬಗೆಯಲ್ಲಿ ಮೋಸ ಮಾಡುತ್ತದೆ. ನೂರು ಬ್ಯಾಕೆಂಡ್‌ಗಳಿದ್ದು ಒಂದೊಂದರ ಮುಂದೆಯೂ 6 ಜಿಬಿ ಎಂದು ಕಂಡಾಗ, ಯಂತ್ರದಲ್ಲಿರುವುದೇ 32 ಜಿಬಿ ಎಂದು ನೆನಪಾಗಿ ತಬ್ಬಿಬ್ಬಾಗುತ್ತದೆ. ಎಲ್ಲರೂ ಹಂಚಿಕೊಂಡ ಒಂದೇ ಬಫರನ್ನು, ಅದನ್ನು ಮುಟ್ಟಿದ ಪ್ರತಿ ಪ್ರೊಸೆಸ್ಸಿನ ಲೆಕ್ಕಕ್ಕೂ ಸೇರಿಸಿದ್ದರ ಪರಿಣಾಮ ಇದು. ಖಾಸಗಿ ಬಳಕೆ ತಿಳಿಯಬೇಕಾದರೆ ಆ ಪ್ರೊಸೆಸ್ಸಿನ ‘/ಪ್ರಾಕ್’ ಕೋಶದ ‘ಸ್ಟೇಟಸ್’ ಫೈಲಿನಲ್ಲಿ ‘ಆರ್‌ಎಸ್‌ಎಸ್‌ಅನಾನ್’ ಎಂಬ ಸಾಲನ್ನು ನೋಡಬೇಕು. ಆ ಅಂಕಿ ಹತ್ತಾರು ಎಂಬಿ ಇದ್ದರೆ ಸಹಜ, ನೂರಾರು ಎಂಬಿ ಇದ್ದರೆ ಆ ಬ್ಯಾಕೆಂಡ್ ಏನು ಮಾಡುತ್ತಿದೆ ಎಂದು ವಿಚಾರಿಸಲೇಬೇಕು.

ಸ್ಥಿರ ಭಾಗ, ಗುಣಿಸಿಕೊಳ್ಳುವ ಭಾಗ

ಡೇಟಾಬೇಸಿನ ಮೆಮೊರಿ ಲೆಕ್ಕದಲ್ಲಿ ಎರಡು ಭಾಗಗಳಿವೆ. ಸರ್ವರ್ ಆರಂಭವಾದಾಗಲೇ ನಿಗದಿಯಾಗುವ ಭಾಗ ಒಂದು: ಪೋಸ್ಟ್‌ಗ್ರೆಸ್ಸಿನಲ್ಲಿ ‘ಶೇರ್ಡ್_ಬಫರ್ಸ್’, ಮೈಎಸ್‌ಕ್ಯೂಎಲ್‌ನಲ್ಲಿ ಇನ್ನೋಡಿಬಿ ಬಫರ್ ಪೂಲ್. ಎಷ್ಟೆಂದು ಮೊದಲೇ ಗೊತ್ತಿರುವ ಈ ಭಾಗದ ಮೇಲೆಯೇ ಎಲ್ಲರ ಕಣ್ಣು, ಆದರೆ ಅಪರಾಧ ಇದರದ್ದಾಗಿರುವುದು ಕಡಿಮೆ. ಕನೆಕ್ಷನ್‌ಗಳ ಸಂಖ್ಯೆಯಿಂದ, ಕ್ವೆರಿಯೊಳಗಿನ ಹಂತಗಳಿಂದ, ಪ್ಯಾರಲಲ್ ವರ್ಕರ್‌ಗಳಿಂದ ಗುಣಿಸಿಕೊಳ್ಳುತ್ತ ಹೋಗುವ ಇನ್ನೊಂದು ಭಾಗವೇ ಸರ್ವರನ್ನು ಕೆಡವುವುದು.

ಪೋಸ್ಟ್‌ಗ್ರೆಸ್ಸಿನ ‘ವರ್ಕ್_ಮೆಮ್’ ಬಗೆಗಿನ ತಪ್ಪು ತಿಳಿವಳಿಕೆಯಷ್ಟು ಸರ್ವರ್‌ಗಳನ್ನು ಬೀಳಿಸಿದ್ದು ಬೇರೊಂದಿಲ್ಲ ಎಂದು ನನ್ನ ಅಭಿಪ್ರಾಯ. ಅದು ಇಡೀ ಸರ್ವರಿನ ಮಿತಿಯಲ್ಲ, ಒಂದು ಕನೆಕ್ಷನ್ನಿನ ಮಿತಿಯಲ್ಲ, ಒಂದು ಕ್ವೆರಿಯ ಮಿತಿಯೂ ಅಲ್ಲ. ಕ್ವೆರಿಯೊಳಗಿನ ಒಂದು ಸಾರ್ಟ್ (ಸಾಲುಗಳನ್ನು ಕ್ರಮವಾಗಿ ಜೋಡಿಸುವುದು) ಅಥವಾ ಒಂದು ಹ್ಯಾಶ್ (ಬೇಗ ಹುಡುಕಲು ಕಟ್ಟುವ ಕೋಷ್ಟಕ), ಡಿಸ್ಕಿನ ತಾತ್ಕಾಲಿಕ ಫೈಲಿಗೆ ಇಳಿಯುವ ಮೊದಲು ಎಷ್ಟು ಮೆಮೊರಿ ಬಳಸಬಹುದು ಎಂಬುದನ್ನು ಅದು ಹೇಳುತ್ತದೆ. ಸಹಜ ಮೌಲ್ಯ 4 ಎಂಬಿ. ಹ್ಯಾಶ್‌ಗಳಿಗೆ ಇದರ ಮೇಲೆ ‘ಹ್ಯಾಶ್_ಮೆಮ್_ಮಲ್ಟಿಪ್ಲಯರ್’ ಎಂಬ ಗುಣಕ ಬೇರೆ ಇದೆ, 15ನೇ ಆವೃತ್ತಿಯಿಂದ ಅದರ ಸಹಜ ಮೌಲ್ಯ 2.

32 ಜಿಬಿ ರ‍್ಯಾಮ್ ಇರುವ ಒಂದು ಯಂತ್ರವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಶೇರ್ಡ್ ಬಫರಿಗೆ 8 ಜಿಬಿ ಕೊಟ್ಟಿದೆ, ವರ್ಕ್_ಮೆಮ್ ಅನ್ನು ಯಾರೋ ವರದಿ ನಿಧಾನವೆಂದು 64 ಎಂಬಿಗೆ ಏರಿಸಿದ್ದಾರೆ, ಗರಿಷ್ಠ ಕನೆಕ್ಷನ್ 500. ವರದಿಯ ಒಂದು ಕ್ವೆರಿಯಲ್ಲಿ ಎರಡು ಹ್ಯಾಶ್ ಮತ್ತು ಒಂದು ಸಾರ್ಟ್ ಇವೆ ಎನ್ನೋಣ. ಹ್ಯಾಶ್ ಒಂದಕ್ಕೆ 128 ಎಂಬಿಯಂತೆ 256, ಸಾರ್ಟಿಗೆ 64, ಒಟ್ಟು 320 ಎಂಬಿ. ಕ್ವೆರಿ ನಡೆಸುವ ಬಗೆಯನ್ನು ನಿರ್ಧರಿಸುವ ಪ್ಲಾನರ್ ಇಬ್ಬರು ಪ್ಯಾರಲಲ್ ವರ್ಕರ್‌ಗಳನ್ನು ಕರೆದರೆ ಲೀಡರ್ ಸೇರಿ ಮೂರು ಪ್ರೊಸೆಸ್, ಅಂದರೆ 960 ಎಂಬಿ. ತಿಂಗಳ ಕೊನೆಯಲ್ಲಿ ಇಪ್ಪತ್ತು ಜನ ಒಟ್ಟಿಗೆ ಈ ವರದಿ ತೆಗೆದರೆ, ವರ್ಕರ್‌ಗಳ ಒಟ್ಟು ಸಂಖ್ಯೆಯ ಮೇಲಿನ ಮಿತಿಯೂ ಅಷ್ಟಕ್ಕೆ ಅವಕಾಶ ಕೊಟ್ಟಿದ್ದರೆ, ಸುಮಾರು 19 ಜಿಬಿ ಆಯಿತು. ಎಲ್ಲ ಹಂತಗಳೂ ಒಂದೇ ಗಳಿಗೆಯಲ್ಲಿ ತುಂಬಿರುವುದಿಲ್ಲವಾದ್ದರಿಂದ ಇದು ಮೇಲಿನ ಅಂದಾಜು. ಆದರೂ 500 ಕನೆಕ್ಷನ್‌ಗಳಲ್ಲಿ ಇಪ್ಪತ್ತನ್ನಷ್ಟೇ ನಾವು ಎಣಿಸಿದ್ದೇವೆ ಎಂಬುದನ್ನು ಗಮನಿಸಬೇಕು.

ಇದೇ ಯಂತ್ರದಲ್ಲಿ ಯಾರ ಕಣ್ಣಿಗೂ ಬೀಳದ ಇನ್ನೊಂದು ಖರ್ಚಿದೆ. ಪ್ರತಿ ಪ್ರೊಸೆಸ್ಸೂ ತನ್ನ ವಿಳಾಸಗಳು ಯಾವ ರ‍್ಯಾಮ್ ಪುಟಕ್ಕೆ ಸೇರಿವೆ ಎಂಬ ನಕ್ಷೆಯನ್ನು, ಅಂದರೆ ಪೇಜ್ ಟೇಬಲನ್ನು ಇಟ್ಟುಕೊಳ್ಳಬೇಕು. 8 ಜಿಬಿ ಬಫರನ್ನು 4 ಕೆಬಿ ಪುಟಗಳಾಗಿ ಒಡೆದರೆ ಸುಮಾರು 21 ಲಕ್ಷ ಪುಟಗಳು. ಒಂದೊಂದಕ್ಕೆ 8 ಬೈಟಿನಂತೆ 16 ಎಂಬಿ. ಬಫರ್ ಒಂದೇ ಆದರೂ ಈ ನಕ್ಷೆ ಪ್ರತಿ ಪ್ರೊಸೆಸ್ಸಿಗೂ ಪ್ರತ್ಯೇಕ. ಬಹುಕಾಲ ಬದುಕಿದ 500 ಬ್ಯಾಕೆಂಡ್‌ಗಳು ಕ್ರಮೇಣ ಬಫರಿನ ಎಲ್ಲ ಭಾಗವನ್ನೂ ಮುಟ್ಟಿದರೆ ನಕ್ಷೆಗಳಿಗೇ 8 ಜಿಬಿಯ ಹತ್ತಿರ ಹೋಗುತ್ತದೆ. ಬಫರ್ ಎಷ್ಟೋ ಅದರ ನಕ್ಷೆಗಳೂ ಅಷ್ಟೇ! ‘/ಪ್ರಾಕ್/ಮೆಮ್‌ಇನ್ಫೋ’ದ ‘ಪೇಜ್‌ಟೇಬಲ್ಸ್’ ಸಾಲಿನಲ್ಲಿ ಇದು ಕಾಣುತ್ತದೆ. 2 ಎಂಬಿಯ ಹ್ಯೂಜ್ ಪೇಜ್‌ಗಳನ್ನು ಬಳಸಿದರೆ 4096 ಪುಟಗಳು, ಪ್ರೊಸೆಸ್ಸಿಗೆ 32 ಕೆಬಿ ಸಾಕು. ಪೋಸ್ಟ್‌ಗ್ರೆಸ್ಸಿನ ‘ಹ್ಯೂಜ್_ಪೇಜಸ್’ ಸೆಟ್ಟಿಂಗಿನ ಸಹಜ ಮೌಲ್ಯ ‘ಟ್ರೈ’. ಕರ್ನಲ್ಲಿನಲ್ಲಿ ಮೊದಲೇ ಹ್ಯೂಜ್ ಪೇಜ್ ಕಾದಿರಿಸದಿದ್ದರೆ ಅದು ಸದ್ದಿಲ್ಲದೆ ಸಾಮಾನ್ಯ ಪುಟಗಳಿಗೆ ಇಳಿಯುತ್ತದೆ, ಆದ್ದರಿಂದ ‘ಆನ್’ ಎಂದಿಡುವುದೇ ಕ್ಷೇಮ. ಆಗ ಪುಟ ಸಿಗದಿದ್ದರೆ ಸರ್ವರ್ ಆರಂಭವಾಗದೆ ತಕರಾರು ಮಾಡುತ್ತದೆ.

ಮೈಎಸ್‌ಕ್ಯೂಎಲ್‌ನಲ್ಲಿ ಪ್ರತಿ ಕನೆಕ್ಷನ್ನಿನ ಸಾರ್ಟ್ ಬಫರ್ ಮತ್ತು ಜಾಯಿನ್ ಬಫರ್ ಸಹಜವಾಗಿ 256 ಕೆಬಿ ಇರುತ್ತವೆ, ಚಿಕ್ಕವೇ. ಯಾವುದೋ ಟ್ಯೂನಿಂಗ್ ಸಲಹೆ ಓದಿ ಇವನ್ನು ಗ್ಲೋಬಲ್ ಆಗಿ ಹತ್ತಾರು ಎಂಬಿಗೆ ಏರಿಸಿದಲ್ಲಿ ತೊಂದರೆ ಆರಂಭವಾಗುತ್ತದೆ. ಬಫರ್ ಪೂಲಿಗೆ ರ‍್ಯಾಮಿನ ಶೇ. 80ರವರೆಗೆ ಕೊಡಬಹುದು ಎಂಬ ಪ್ರಸಿದ್ಧ ಸೂತ್ರವನ್ನೂ ಕಣ್ಣುಮುಚ್ಚಿ ಒಪ್ಪಬಾರದು. ಪೂಲಿನ ಸ್ವಂತ ನಿರ್ವಹಣೆಗೆ ನಿಗದಿತ ಗಾತ್ರದ ಮೇಲೆ ಸುಮಾರು ಶೇ. 10 ಹೆಚ್ಚು ಖರ್ಚಾಗುತ್ತದೆ. 8 ಜಿಬಿ ಯಂತ್ರದಲ್ಲಿ 6.4 ಜಿಬಿ ಪೂಲ್ ಇಟ್ಟರೆ ಅದು 7 ಜಿಬಿ ಮುಟ್ಟಿ, ಕನೆಕ್ಷನ್‌ಗಳು, ಕರ್ನಲ್, ಬ್ಯಾಕಪ್ ಎಲ್ಲಕ್ಕೂ ಉಳಿಯುವುದು ಒಂದು ಜಿಬಿ. ದೊಡ್ಡ ಯಂತ್ರಗಳಿಗೆ ಸರಿಹೊಂದುವ ಅನುಪಾತ ಸಣ್ಣ ಯಂತ್ರಗಳಿಗೆ ಹೊಂದುವುದಿಲ್ಲ.

ಇದರ ಜೊತೆಗೆ ಮೈಎಸ್‌ಕ್ಯೂಎಲ್‌ನಲ್ಲಿ ಎದುರಾಗುವ ಇನ್ನೊಂದು ಒಗಟೆಂದರೆ, ಎಲ್ಲ ಸೆಟ್ಟಿಂಗ್‌ಗಳನ್ನು ಕೂಡಿಸಿದರೂ ಲೆಕ್ಕಕ್ಕೆ ಸಿಗದ ಮೆಮೊರಿ. ‘ಸಿಸ್’ ಸ್ಕೀಮಾದ ‘ಮೆಮೊರಿ_ಗ್ಲೋಬಲ್_ಬೈ_ಕರೆಂಟ್_ಬೈಟ್ಸ್’ ಎಂಬ ವ್ಯೂ ಯಾವ ಭಾಗ ಎಷ್ಟು ಹಿಡಿದಿದೆ ಎಂದು ತೋರಿಸುತ್ತದೆ. ಅಲ್ಲಿನ ಮೊತ್ತಕ್ಕೂ ಪ್ರೊಸೆಸ್ಸಿನ ಆರ್‌ಎಸ್‌ಎಸ್‌ಗೂ ಹಲವು ಜಿಬಿ ಅಂತರವಿದ್ದರೆ, ಡೇಟಾಬೇಸ್ ಬಿಟ್ಟುಕೊಟ್ಟ ಮೆಮೊರಿಯನ್ನು ಲಿನಕ್ಸಿನ ಮೂಲ ಲೈಬ್ರರಿಯಾದ ಜಿಲಿಬ್‌ಸಿಯ ಮೆಮೊರಿ ಅಲೊಕೇಟರ್ ಚೂರುಚೂರಾಗಿ ತನ್ನಲ್ಲೇ ಇಟ್ಟುಕೊಂಡು ಕರ್ನಲ್‌ಗೆ ಮರಳಿಸಿಲ್ಲ ಎಂದು ಶಂಕಿಸಬಹುದು. ಥ್ರೆಡ್‌ಗಳು ಹೆಚ್ಚಿರುವ ಸರ್ವರಿನಲ್ಲಿ ಇದು ಅಪರೂಪವಲ್ಲ; ಜೆಮ್ಯಾಲಕ್ ಎಂಬ ಬೇರೆ ಅಲೊಕೇಟರನ್ನು ಬಳಸಿದಾಗ ಎಷ್ಟೋ ಕಡೆ ಈ ಅಂತರ ಇಳಿಯುತ್ತದೆ.

ಗ್ರಾಫಿನ ಆಕಾರ

ಲೆಕ್ಕ ಹಾಕಿದ ಮೇಲೆ ಮೆಮೊರಿ ಬಳಕೆಯ ಗ್ರಾಫನ್ನು ಮುಂದಿಟ್ಟುಕೊಳ್ಳಬೇಕು. ಗಂಟೆಗಟ್ಟಲೆ ಸಮತಟ್ಟಾಗಿದ್ದ ಗೆರೆ ನಿಮಿಷದೊಳಗೆ ನೆಟ್ಟಗೆ ಏರಿದ್ದರೆ ಒಂದೆರಡು ಕ್ವೆರಿಗಳ ಕೆಲಸವಿರಬಹುದು. ವರ್ಕ್_ಮೆಮ್‌ಗೆ ಬಗ್ಗದೆ ಬೆಳೆಯುವ ಕೆಲಸಗಳೂ ಇವೆ. 13ನೇ ಆವೃತ್ತಿಗಿಂತ ಹಿಂದಿನ ಪೋಸ್ಟ್‌ಗ್ರೆಸ್ಸಿನಲ್ಲಿ ಹ್ಯಾಶ್ ಅಗ್ರಿಗೇಟ್ (ಸಾಲುಗಳನ್ನು ಗುಂಪುಗೂಡಿಸುವ ಹಂತ) ಡಿಸ್ಕಿಗೆ ಇಳಿಯುತ್ತಿರಲಿಲ್ಲ. ಗುಂಪುಗಳ ಸಂಖ್ಯೆಯನ್ನು ಪ್ಲಾನರ್ ಕಡಿಮೆ ಅಂದಾಜು ಮಾಡಿದ್ದರೆ ಮೆಮೊರಿ ಮುಗಿಯುವವರೆಗೂ ಬೆಳೆಯುತ್ತಿತ್ತು. ಇಂದಿಗೂ ಫಾರಿನ್ ಕೀ (ಇನ್ನೊಂದು ಟೇಬಲಿನ ಸಾಲಿಗೆ ಕೊಂಡಿ) ಇರುವ ಟೇಬಲಿಗೆ ಒಂದೇ ಸ್ಟೇಟ್‌ಮೆಂಟಿನಲ್ಲಿ ಕೋಟಿಗಟ್ಟಲೆ ಸಾಲು ತುಂಬಿದರೆ, ಪ್ರತಿ ಸಾಲಿಗೂ ಮಾಡಬೇಕಾದ ಪರಿಶೀಲನೆಯ ಪಟ್ಟಿ ಮೆಮೊರಿಯಲ್ಲೇ ಸೇರುತ್ತ ಹೋಗುತ್ತದೆ, ಡಿಸ್ಕಿಗೆ ಇಳಿಯುವುದಿಲ್ಲ. ಇಂಥ ಲೋಡನ್ನು ಲಕ್ಷದ ಕಂತುಗಳಾಗಿ ಒಡೆಯುವುದು, ಇಲ್ಲವೇ ಕೀಯನ್ನು ತೆಗೆದು ತುಂಬಿ ಮತ್ತೆ ಸೇರಿಸುವುದು ದಾರಿ.

ಗೆರೆ ದಿನಗಟ್ಟಲೆ ನಿಧಾನವಾಗಿ ಏರುತ್ತ, ಸರ್ವರ್ ಮರುಪ್ರಾರಂಭಿಸಿದಾಗ ಕೆಳಗಿಳಿದು, ಮತ್ತೆ ಏರುವುದಾದರೆ ಬೇರೆ ಕಾರಣ ಹುಡುಕಬೇಕು. ಪ್ರತಿ ಬ್ಯಾಕೆಂಡ್ ತಾನು ಮುಟ್ಟಿದ ಟೇಬಲ್‌ಗಳ, ಇಂಡೆಕ್ಸ್‌ಗಳ ವಿವರಗಳನ್ನು ತನ್ನ ಖಾಸಗಿ ಕ್ಯಾಶಿನಲ್ಲಿ ಇಟ್ಟುಕೊಳ್ಳುತ್ತದೆ. ಪಾರ್ಟಿಷನ್‌ಗಳು ಸಾವಿರಗಟ್ಟಲೆ ಇದ್ದು, ಕನೆಕ್ಷನ್ ಪೂಲ್ (ತೆರೆದಿಟ್ಟ ಕನೆಕ್ಷನ್‌ಗಳ ಸಂಗ್ರಹ) ವಾರಗಟ್ಟಲೆ ಅದೇ ಕನೆಕ್ಷನ್‌ಗಳನ್ನು ಬಳಸುತ್ತಿದ್ದರೆ, ಸುಮ್ಮನೆ ಕುಳಿತ ಬ್ಯಾಕೆಂಡ್ ಕೂಡ ನೂರಾರು ಎಂಬಿ ಹಿಡಿದಿರುತ್ತದೆ. 14ನೇ ಆವೃತ್ತಿಯಿಂದ ‘ಪಿಜಿ_ಲಾಗ್_ಬ್ಯಾಕೆಂಡ್_ಮೆಮೊರಿ_ಕಾಂಟೆಕ್ಸ್ಟ್ಸ್’ ಎಂಬ ಫಂಕ್ಷನ್ನಿಗೆ ಪ್ರೊಸೆಸ್ ಸಂಖ್ಯೆ ಕೊಟ್ಟರೆ, ಆ ಬ್ಯಾಕೆಂಡಿನ ಮೆಮೊರಿ ಯಾವ ಯಾವ ಖಾತೆಯಲ್ಲಿದೆ ಎಂಬ ವಿವರ ಸರ್ವರ್ ಲಾಗಿಗೆ ಬರುತ್ತದೆ. ಅಲ್ಲಿ ‘ಕ್ಯಾಶ್‌ಮೆಮೊರಿಕಾಂಟೆಕ್ಸ್ಟ್’ ದೊಡ್ಡದಾಗಿದ್ದರೆ ಮೇಲೆ ಹೇಳಿದ ತೊಂದರೆ. ‘ಎಕ್ಸಿಕ್ಯೂಟರ್‌ಸ್ಟೇಟ್’ ಮತ್ತು ಅದರ ಕೆಳಗಿನ ಹ್ಯಾಶ್ ಖಾತೆಗಳು ದೊಡ್ಡದಾಗಿದ್ದರೆ ಆಗ ನಡೆಯುತ್ತಿರುವ ಕ್ವೆರಿಯದೇ ಕೆಲಸ. ಮೊದಲನೆಯದಕ್ಕೆ, ಪೂಲಿನ ಕನೆಕ್ಷನ್‌ಗಳಿಗೆ ಅರ್ಧ ಗಂಟೆಯೋ ಒಂದು ಗಂಟೆಯೋ ಆಯುಷ್ಯದ ಮಿತಿ ಇಟ್ಟರೆ ಸಾಕಾಗುತ್ತದೆ.

ಮೂರನೆಯ ಆಕಾರ ಮೆಟ್ಟಿಲಿನದು, ಕನೆಕ್ಷನ್ ಸಂಖ್ಯೆಯ ಗ್ರಾಫಿನ ಪಕ್ಕದಲ್ಲಿಟ್ಟರೆ ಎರಡೂ ಒಂದೇ ಹೆಜ್ಜೆಯಲ್ಲಿ ಏರಿರುತ್ತವೆ. ಯಾವುದೋ ಲಾಕಿನಿಂದ ಡೇಟಾಬೇಸ್ ನಿಧಾನವಾದರೆ, ಉತ್ತರ ಬರಲಿಲ್ಲವೆಂದು ಅಪ್ಲಿಕೇಶನ್ ಹೊಸ ಕನೆಕ್ಷನ್ ತೆರೆದು ಅದೇ ಕ್ವೆರಿಯನ್ನು ಮತ್ತೆ ಕಳಿಸುತ್ತದೆ. ಹೊಸ ಕನೆಕ್ಷನ್‌ಗಳು ಮೆಮೊರಿ ತಿಂದು ಪೇಜ್ ಕ್ಯಾಶನ್ನು ಕುಗ್ಗಿಸುತ್ತವೆ, ಡಿಸ್ಕ್ ಓದು ಹೆಚ್ಚಿ ಡೇಟಾಬೇಸ್ ಇನ್ನಷ್ಟು ನಿಧಾನವಾಗುತ್ತದೆ. ಇಲ್ಲಿ ಮೆಮೊರಿ ಮುಗಿದದ್ದು ಕೊನೆಯ ಲಕ್ಷಣ ಮಾತ್ರ, ಮೂಲ ಆ ಲಾಕಿನಲ್ಲಿದೆ.

ಕೈ ಹಾಕುವ ಕ್ರಮ

ಸರ್ವರ್ ಇನ್ನೂ ಉಸಿರಾಡುತ್ತಿದ್ದರೆ ದೊಡ್ಡ ಬ್ಯಾಕೆಂಡನ್ನು ‘ಪಿಜಿ_ಟರ್ಮಿನೇಟ್_ಬ್ಯಾಕೆಂಡ್’ ಮೂಲಕ ನಿಲ್ಲಿಸಬೇಕು. ಆತುರದಲ್ಲಿ ‘ಕಿಲ್ −9’ ಕೊಟ್ಟರೆ ಓಓಎಂ ಕಿಲ್ಲರ್ ಮಾಡಬೇಕಿದ್ದ ಕೆಲಸವನ್ನು ನಾವೇ ಮಾಡಿದಂತಾಗಿ, ಎಲ್ಲ ಕನೆಕ್ಷನ್‌ಗಳೂ ಬಿದ್ದು ರಿಕವರಿ ಶುರುವಾಗುತ್ತದೆ. ಯಂತ್ರವನ್ನು ರೀಬೂಟ್ ಮಾಡಲೇಬೇಕಾಗಿ ಬಂದರೆ ಅದಕ್ಕೆ ಮೊದಲು ಕರ್ನಲ್ ಲಾಗನ್ನೂ ಮೆಮ್‌ಇನ್ಫೋ ಫೈಲನ್ನೂ ಬೇರೆಡೆಗೆ ನಕಲಿಸಿಕೊಳ್ಳಬೇಕು. ರೀಬೂಟ್ ಆದ ಮೇಲೆ ಅನೇಕ ಯಂತ್ರಗಳಲ್ಲಿ ಅವು ಸಿಗುವುದಿಲ್ಲ.

ಶಾಶ್ವತ ಪರಿಹಾರಗಳಲ್ಲಿ ನಾನು ಮೊದಲು ಕೈ ಹಾಕುವುದು ಕನೆಕ್ಷನ್ ಸಂಖ್ಯೆಗೆ. ಗುಣಾಕಾರದಲ್ಲಿ ಎಲ್ಲೆಡೆ ಬರುವ ಅಂಕಿ ಅದೊಂದೇ. 500 ಕನೆಕ್ಷನ್ ತೆರೆದಿಟ್ಟ ಅಪ್ಲಿಕೇಶನ್‌ಗಳಲ್ಲಿ ಒಂದೇ ಗಳಿಗೆಯಲ್ಲಿ ಕೆಲಸ ಮಾಡುವವು ಸಾಮಾನ್ಯವಾಗಿ ಹತ್ತಾರು ಮಾತ್ರ. ನಡುವೆ ಪಿಜಿಬೌನ್ಸರಿನಂಥ ಪೂಲರ್ (ಕೆಲವೇ ಕನೆಕ್ಷನ್‌ಗಳನ್ನು ಸರದಿಯಂತೆ ಹಂಚುವ ಪ್ರೋಗ್ರಾಮ್) ಇಟ್ಟರೆ ಡೇಟಾಬೇಸಿನ ಕಡೆ ಐವತ್ತೋ ಅರವತ್ತೋ ಸಾಕಾಗುತ್ತವೆ. ಎರಡನೆಯದಾಗಿ, ವರ್ಕ್_ಮೆಮ್ ಅನ್ನು ಸರ್ವರ್ ಪೂರ್ತಿಗೆ ಚಿಕ್ಕದಾಗಿಟ್ಟು, ವರದಿ ತೆಗೆಯುವ ಬಳಕೆದಾರನಿಗೆ ಮಾತ್ರ ‘ಆಲ್ಟರ್ ರೋಲ್’ ಮೂಲಕ, ಇಲ್ಲವೇ ಆ ಟ್ರಾನ್ಸಾಕ್ಷನ್ನಿಗೆ ಮಾತ್ರ ‘ಸೆಟ್ ಲೋಕಲ್’ ಮೂಲಕ ಹೆಚ್ಚಿಸಬೇಕು. ‘ಲಾಗ್_ಟೆಂಪ್_ಫೈಲ್ಸ್’ ಅನ್ನು ಚಾಲೂ ಮಾಡಿದರೆ ಯಾವ ಕ್ವೆರಿ ಎಷ್ಟು ಡಿಸ್ಕಿಗೆ ಇಳಿಸಿತೆಂದು ಲಾಗಿನಲ್ಲಿ ಬರುತ್ತದೆ. ಡಿಸ್ಕಿಗೆ ಇಳಿಯುವುದನ್ನೇ ಅಪರಾಧವೆಂದು ಕಾಣುವವರಿದ್ದಾರೆ. ರಾತ್ರಿ ಒಮ್ಮೆ ನಡೆಯುವ ಕ್ವೆರಿ ತಾತ್ಕಾಲಿಕ ಫೈಲು ಬರೆದು ಹತ್ತು ಸೆಕೆಂಡು ಹೆಚ್ಚು ತೆಗೆದುಕೊಂಡರೆ ನಷ್ಟವೇನಿಲ್ಲ. ಇನ್ನು ‘ಎಫೆಕ್ಟಿವ್_ಕ್ಯಾಶ್_ಸೈಜ್’ ಇಳಿಸಿ ಮೆಮೊರಿ ಉಳಿಸಿದೆವೆಂದುಕೊಳ್ಳುವುದು ವ್ಯರ್ಥ. ಅದು ಪ್ಲಾನರಿಗೆ ಕೊಡುವ ಅಂದಾಜು ಮಾತ್ರ, ಅದರಿಂದ ಒಂದು ಬೈಟೂ ಮೀಸಲಾಗುವುದಿಲ್ಲ.

ಕರ್ನಲ್ಲಿನ ಕಡೆಯಿಂದ ಪೋಸ್ಟ್‌ಗ್ರೆಸ್ ದಾಖಲೆಗಳು ಸೂಚಿಸುವ ಕ್ರಮವೆಂದರೆ ‘ವಿಎಂ.ಓವರ್‌ಕಮಿಟ್_ಮೆಮೊರಿ’ಯನ್ನು 2ಕ್ಕೆ ಇಡುವುದು. ಆಗ ಕರ್ನಲ್ ಮಿತಿ ಮೀರಿ ಮಾತು ಕೊಡುವುದನ್ನು ನಿಲ್ಲಿಸುತ್ತದೆ, ಕ್ವೆರಿಯೊಂದು ‘ಎರರ್’ ಪಡೆದು ಸೋಲುತ್ತದೆ, ಸರ್ವರ್ ಉಳಿಯುತ್ತದೆ. ಇಲ್ಲೊಂದು ಹಳ್ಳವಿದೆ. ಮಿತಿಯ ಲೆಕ್ಕದಲ್ಲಿ ರ‍್ಯಾಮಿನ ಶೇಕಡಾ ಎಷ್ಟು ಎಂಬುದನ್ನು ಹೇಳುವ ‘ಓವರ್‌ಕಮಿಟ್_ರೇಶಿಯೋ’ದ ಸಹಜ ಮೌಲ್ಯ 50. ಸ್ವಾಪ್ ಇಲ್ಲದ 32 ಜಿಬಿ ಯಂತ್ರದಲ್ಲಿ ಅದನ್ನು ಹಾಗೇ ಬಿಟ್ಟರೆ ಒಟ್ಟು ಮಿತಿ 16 ಜಿಬಿ ಆಗುತ್ತದೆ. ಅರ್ಧ ರ‍್ಯಾಮ್ ಖಾಲಿ ಇರುವಾಗಲೇ ಹೊಸ ಕನೆಕ್ಷನ್ನಿಗೆ ಫೋರ್ಕ್ ಮಾಡಲಾಗುತ್ತಿಲ್ಲ (ಹೊಸ ಪ್ರೊಸೆಸ್ ಹುಟ್ಟಿಸಲಾಗುತ್ತಿಲ್ಲ) ಎಂದು ಪೋಸ್ಟ್‌ಗ್ರೆಸ್ ದೂರತೊಡಗುತ್ತದೆ. ರೇಶಿಯೋವನ್ನು 80ರಿಂದ 90ರ ಆಸುಪಾಸಿಗೆ ತಂದು, ಮೆಮ್‌ಇನ್ಫೋದಲ್ಲಿ ‘ಕಮಿಟ್‌ಲಿಮಿಟ್’ ಮತ್ತು ‘ಕಮಿಟೆಡ್_ಎಎಸ್’ ಎರಡನ್ನೂ, ಅಂದರೆ ಮಿತಿಯನ್ನೂ ಈವರೆಗೆ ಕೊಟ್ಟ ಮಾತನ್ನೂ, ಹೋಲಿಸುತ್ತಿರಬೇಕು. ಈ ಸೆಟ್ಟಿಂಗ್ ಇಡೀ ಯಂತ್ರಕ್ಕೆ ಅನ್ವಯಿಸುವುದರಿಂದ ಹಲವು ಕಂಟೇನರ್‌ಗಳು ಒಟ್ಟಿಗಿರುವಲ್ಲಿ ಇದು ಕೆಲಸಕ್ಕೆ ಬಾರದು. ರೆಡಿಸ್ (ಮೆಮೊರಿಯಲ್ಲೇ ದತ್ತಾಂಶ ಇಡುವ ಡೇಟಾಬೇಸ್) ಇರುವ ಯಂತ್ರದಲ್ಲಂತೂ ಬೇಡವೇ ಬೇಡ. ಡಿಸ್ಕಿಗೆ ಬರೆಯಲು ಫೋರ್ಕ್ ಮಾಡುವ ರೆಡಿಸ್ ಇದೇ ಸೆಟ್ಟಿಂಗನ್ನು 1ಕ್ಕೆ ಇಡಲು ಕೇಳುತ್ತದೆ.

ಸ್ವಾಪನ್ನು ಪೂರ್ತಿ ತೆಗೆದುಹಾಕುವ ರೂಢಿ ನನಗೆ ಒಪ್ಪಿಗೆಯಿಲ್ಲ. ಸ್ವಾಪ್ ಇಲ್ಲದ ಯಂತ್ರ ಎಚ್ಚರಿಕೆ ಕೊಡದೆ ಬೀಳುತ್ತದೆ. ಒಂದೆರಡು ಜಿಬಿ ಸ್ವಾಪ್ ಇಟ್ಟು, ಸ್ವಾಪ್ ಬಳಸುವ ಒಲವನ್ನು ಹೇಳುವ ‘ಸ್ವಾಪಿನೆಸ್’ ಅನ್ನು ಸಹಜ ಮೌಲ್ಯವಾದ 60ರಿಂದ 10ಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಸಿದರೆ, ‘ವಿಎಂಸ್ಟ್ಯಾಟ್’ ತೋರಿಸುವ ‘ಎಸ್‌ಐ’ ಮತ್ತು ‘ಎಸ್‌ಓ’ (ಸ್ವಾಪಿನಿಂದ ಬಂದ, ಸ್ವಾಪಿಗೆ ಹೋದ) ಕಾಲಮ್ಮುಗಳಲ್ಲಿ ಸೊನ್ನೆ ಹೋಗಿ ಅಂಕಿ ಬಂದಾಗಲೇ ಅಲಾರಂ ಕೊಡಿಸಬಹುದು. ಡೇಟಾಬೇಸಿಗೆ ಓಓಎಂ_ಸ್ಕೋರ್_ಅಡ್ಜ್ ಅನ್ನು −1000 ಇಟ್ಟು ಅಮರತ್ವ ಕೊಡುವವರೂ ಇದ್ದಾರೆ. ಪೋಸ್ಟ್‌ಮಾಸ್ಟರಿಗೆ ಮಾತ್ರ ಅದನ್ನು ಕೊಟ್ಟು, ಬ್ಯಾಕೆಂಡ್‌ಗಳು 0ಗೆ ಮರಳುವಂತೆ ‘ಪಿಜಿ_ಓಓಎಂ_ಅಡ್ಜಸ್ಟ್_ಫೈಲ್’ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್ ಬಳಸುವುದು ಸರಿ. ಎಲ್ಲಕ್ಕೂ ಕೊಟ್ಟರೆ ಹಸಿದ ಬ್ಯಾಕೆಂಡ್ ಉಳಿದು, ಯಂತ್ರದ ಇತರ ಸರ್ವೀಸುಗಳು ಒಂದೊಂದಾಗಿ ಸಾಯುತ್ತವೆ.

ಬದಲಾವಣೆ ಮಾಡಿದ ಮೇಲೆ ಮೇಲಿನ ಗುಣಾಕಾರವನ್ನು ಹೊಸ ಅಂಕಿಗಳಿಂದ ಮತ್ತೆ ಮಾಡಿ, ಗರಿಷ್ಠ ಕನೆಕ್ಷನ್‌ಗಳೊಂದಿಗೆ ವರದಿಯ ಕ್ವೆರಿಗಳನ್ನೇ ಪರೀಕ್ಷಾ ಸರ್ವರಿನ ಮೇಲೆ ಒಟ್ಟಿಗೆ ಓಡಿಸಿ ನೋಡಬೇಕು. ಆಗ ‘ಅವೈಲಬಲ್’ ಎಲ್ಲಿಯವರೆಗೆ ಇಳಿಯಿತು, ‘ಪೇಜ್‌ಟೇಬಲ್ಸ್’ ಎಷ್ಟಾಯಿತು, ಅತಿ ದೊಡ್ಡ ಬ್ಯಾಕೆಂಡಿನ ಆರ್‌ಎಸ್‌ಎಸ್‌ಅನಾನ್ ಎಷ್ಟು ಮುಟ್ಟಿತು ಎಂಬ ಮೂರು ಅಂಕಿಗಳನ್ನು ಬರೆದಿಟ್ಟುಕೊಂಡು, ಮಾನಿಟರಿಂಗಿನ ಅಲಾರಂ ಮಿತಿಗಳನ್ನು ಅವುಗಳ ಆಧಾರದ ಮೇಲೆ ಇಡಬೇಕು. ಕಂಟೇನರಿನಲ್ಲಿ ನಡೆಯುವ ಡೇಟಾಬೇಸಿಗೆ ಯಂತ್ರದ ಅಂಕಿಗಳ ಬದಲು ಸಿಗ್ರೂಪಿನ ‘ಮೆಮೊರಿ.ಇವೆಂಟ್ಸ್’ ಫೈಲನ್ನು ಗಮನಿಸುತ್ತಿರಬೇಕು. ಅದರಲ್ಲಿ ‘ಓಓಎಂ_ಕಿಲ್’ ಸಾಲಿನ ಎಣಿಕೆ ಒಂದು ಏರಿದರೂ, ಕಂಟೇನರ್ ತಾನಾಗಿಯೇ ಮತ್ತೆ ಎದ್ದು ಕೂತಿದ್ದರೂ, ಹುಡುಕಾಟವನ್ನು ಮೊದಲ ಪ್ರಶ್ನೆಯಿಂದಲೇ ಶುರುಮಾಡಬೇಕಾಗುತ್ತದೆ.